ಕಿಟಕಿ ಅಳೆದ ಹೆಂಗಸು

ವಾರಕ್ಕೆ ಹದಿನಾಲ್ಕು ಪೌಂಡು. ಎಷ್ಟೇ ಚೆನ್ನಾಗಿ ಆಡಿದರೂ ಅದಕ್ಕಿಂತ ಒಂದು ಕಾಸು ಹೆಚ್ಚು ಕೊಡುವಂತಿಲ್ಲ ಎಂದು ಇಂಗ್ಲೆಂಡಿನ ಫುಟ್‌ಬಾಲ್ ಲೀಗಿನ ನಿಯಮವೇ ಇತ್ತು. ಅದರಲ್ಲೂ ಹದಿನೈದು ಶಿಲ್ಲಿಂಗ್, ಅಂದರೆ ಮುಕ್ಕಾಲು ಪೌಂಡು, ಮನೆ ಬಾಡಿಗೆಗೆ ಮುರಿದುಕೊಳ್ಳುತ್ತಿದ್ದರು. ಮನೆ ಕ್ಲಬ್ಬಿನದು. ಕ್ಲಬ್ಬು ಆಟಗಾರನನ್ನು ಬೇರೆ ತಂಡಕ್ಕೆ ಮಾರಿದರೆ ಅವನು ಮನೆ ಖಾಲಿ ಮಾಡಬೇಕು.

ಆಲ್ಡರ್‌ಶಾ ತಂಡದಲ್ಲಿ ಗೋಲಿನ ಮುಂದೆ ಕಾವಲು ನಿಲ್ಲುವ ಬ್ಯಾಕ್ ಸಿಡ್ ಹೋಲ್ರಾಯ್ಡ್ ಆ ಶನಿವಾರ ಬೆಳಿಗ್ಗೆ ಹಿತ್ತಲಲ್ಲಿ ಕೋಳಿಗೂಡು ತೊಳೆಯುತ್ತಿದ್ದ. ಪಕ್ಕದ ಮನೆಯ ಮಿಸೆಸ್ ಗ್ರಿಮ್‌ಶಾ ಗೋಡೆಯ ಮೇಲಿಂದ ಕತ್ತು ಚಾಚಿದಳು.

"ನಿನ್ನೆ ನೀವು ಮನೇಲಿಲ್ಲದಾಗ ಯಾರೋ ಹೆಂಗಸು ಬಂದು ನಿಮ್ಮ ಕಿಟಕಿ ಅಳ್ಕೊಂಡು ಹೋದ್ಲಪ್ಪ. ಹ್ಯಾಟು ಗೀಟು ಹಾಕ್ಕೊಂಡು, ಟೇಪು ಹಿಡ್ಕೊಂಡು."

"ಯಾಕಂತೆ?"

"ನನ್ನ ಕೇಳ್ತೀಯಾ? ನಿನಗಿಂತ ಮುಂಚೆ ಇದ್ದೋನ್ನ ಮಾರಿದಾಗ ನಿನ್ನ ಹೆಂಡ್ತೀನೇ ಬಂದು ಪರದೆಗೆ ಅಳತೆ ತಗೊಂಡ್ಲಲ್ಲ. ಆ ಪುಣ್ಯಾತ್ಮ ಇನ್ನೂ ತಿಂಡಿ ತಿಂತಾ ಕೂತಿದ್ದ."

ಸಿಡ್ ಬಕೆಟ್ಟು ಕೆಳಗಿಟ್ಟ. ಒಳಗಿನಿಂದ ಹೆಂಡತಿ ಎಡ್ನಾ ಬಂದು ಬಾಗಿಲಲ್ಲಿ ನಿಂತಳು. ಮದುವೆಯಾಗಿ ಆರು ವರ್ಷ ಅತ್ತೆಯ ಮನೆಯ ಒಂದೇ ಕೋಣೆಯಲ್ಲಿ ಕಳೆದ ಮೇಲೆ ಸಿಕ್ಕಿದ ಮನೆ ಇದು.

"ಸಿಡ್, ನಾನಂತೂ ವಾಪಸ್ ನಿಮ್ಮಮ್ಮನ ಮನೆಗೆ ಹೋಗಲ್ಲ."

"ಬೇಜಾರ್ ಮಾಡ್ಕೋಬೇಡ ಕಣಮ್ಮ," ಎಂದಳು ಗ್ರಿಮ್‌ಶಾ. "ಅಂದ ಹಾಗೆ, ಕೋಳಿಗಳ್ನ ಯಾರಿಗಾದ್ರೂ ಕೊಡ್ತೀನಿ ಅಂದಿದ್ದೀರಾ?" ಮಹಾಯುದ್ಧ ಮುಗಿದು ವರ್ಷಗಳಾದರೂ ಮೊಟ್ಟೆ ಇನ್ನೂ ರೇಷನ್ನಿನಲ್ಲಿದ್ದ ಕಾಲ ಅದು.

ಮಧ್ಯಾಹ್ನ ಪಂದ್ಯಕ್ಕೆ ಹೋಗುವ ಬಸ್ಸಿನಲ್ಲಿ ಸುದ್ದಿ ಅವನಿಗಿಂತ ಮೊದಲೇ ಹತ್ತಿ ಕೂತಿತ್ತು. ಕಂಡಕ್ಟರ್ ಕಾಸು ಮುಟ್ಟಲಿಲ್ಲ. "ಇಟ್ಕೋ ಮಗಾ. ಸಾವಿನ ಮನೇಲಿ ಚಾರ್ಜು ಕೇಳೋದು ಚೆನ್ನಾಗಿರಲ್ಲ."

ಹಿಂದಿನ ಸೀಟಿನಿಂದ ಮುದುಕ ಪಿಕಲ್ಸ್ ಗೊಣಗಿದ. ಅವನು ನಲವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿದ್ದವನು. "ಹೋದ ವಾರ ನಿನ್ನ ಓಟ ನೋಡಿ ನಮ್ಮ ಗಣಿ ಕುದುರೆ ನೆನಪಾಯ್ತು ಕಣೋ."

"ಚೆನ್ನಾಗಿ ಓಡ್ತಿತ್ತಾ?"

"ಅದಕ್ಕೆ ಕಣ್ಣು ಕಾಣ್ತಿರಲಿಲ್ಲ." ಬಸ್ಸೆಲ್ಲ ನಕ್ಕಿತು. ಪಿಕಲ್ಸ್ ಮುಂದೆ ಬಾಗಿ ದನಿ ತಗ್ಗಿಸಿದ. "ಇವತ್ತು ಹಂಗಾಡಬೇಡ. ನಿನ್ನ ಮಾರೋಕೆ ಅವರಿಗೇ ಮನಸ್ಸು ಬರಬಾರದು, ಹಂಗಾಡು."

ಸಿಡ್ ಹಾಗೇ ಆಡಿದ. ಬೆಂಕಿ ಬಿದ್ದ ಮನೆಯಿಂದ ಪಾತ್ರೆ ಪಗಡ ಹೊರಗೆ ಸಾಗಿಸುವವನಂತೆ ಕೆಸರಿನಲ್ಲಿ ಚೆಂಡು ಸಾಗಿಸಿದ. "ಏನಾಗಿದೆಯೋ ನಿನಗೆ?" ಎಂದು ಅಂಚಿನಲ್ಲಿ ಓಡುವ ಎದುರಾಳಿ ವಿಂಗರ್ ಏದುಸಿರು ಬಿಡುತ್ತ ಕೇಳಿದ. "ಕಿಟಕಿ," ಎಂದ ಸಿಡ್, ಚೆಂಡು ಕಿತ್ತುಕೊಂಡು. ಒಂಬತ್ತು ವರ್ಷದಲ್ಲಿ ಒಂದೂ ಗೋಲು ಹೊಡೆಯದವನು ಕೊನೆಯ ನಿಮಿಷದಲ್ಲಿ ದೂರದಿಂದ ಒದ್ದ. ಗೋಲ್‌ಕೀಪರ್ ಅದನ್ನು ತಡೆಯುವುದು ಬಿಟ್ಟು, ಒದ್ದವನು ಯಾರು ಎಂದು ನೋಡುತ್ತ ನಿಂತಿದ್ದ. ಗೆದ್ದರು.

ಆಟಗಾರರೆಲ್ಲ ಒಟ್ಟಿಗೆ ಮೀಯುವ ದೊಡ್ಡ ತೊಟ್ಟಿಯಲ್ಲಿ ಸಿಡ್ ಕುತ್ತಿಗೆವರೆಗೆ ಮುಳುಗಿದ್ದಾಗ ಕ್ಲಬ್ಬಿನ ಅಧ್ಯಕ್ಷ ಡಕ್‌ವರ್ತ್ ಬಂದ. ಊರಿನ ಬಟ್ಟೆ ಗಿರಣಿಯ ಧಣಿ ಅವನೇ.

"ಸಿಡ್, ನನ್ನಾಕೆ ನಿನ್ನೆ ನಿಮ್ಮ ಕಿಟಕಿ ಅಳೆಯೋಕೆ ಬಂದಿದ್ಲು. ಗಿರಣೀಲಿ ಒಳ್ಳೇ ಬಟ್ಟೆ ಮಿಕ್ಕಿತ್ತು. ಕ್ಲಬ್ ಮನೆಗಳಿಗೆಲ್ಲ ಹೊಸ ಪರದೆ ಹಾಕಿಸೋಣ ಅಂತ."

ಸಿಡ್‌ಗೆ ನೀರು ಇನ್ನೂ ಬೆಚ್ಚಗಾದಂತಾಯಿತು. "ಹಾಗಾದ್ರೆ ನನ್ನ ಮಾರ್ತಿಲ್ಲ ಅಲ್ವಾ ಸರ್?"

"ಮಾರೋ ಯೋಚನೆ ಮಧ್ಯಾಹ್ನದವರೆಗೂ ಇರಲಿಲ್ಲಪ್ಪ. ದಕ್ಷಿಣದಲ್ಲಿ ಕಡಲ ತೀರದ ಒಂದು ಊರಿನ ತಂಡದವರು ಗೋಲು ಹೊಡೆಯೋ ನಮ್ಮ ಸೆಂಟರ್ ಫಾರ್ವರ್ಡ್‌ನ ನೋಡೋಕೆ ಬಂದಿದ್ರು. ನಿನ್ನಾಟ ನೋಡಿ, ಅವನು ಬೇಡ, ಈ ಬ್ಯಾಕ್‌ನ ಕೊಡಿ, ಐದು ಸಾವಿರ ಅಂದ್ಬಿಟ್ರು. ಜನ ಕೂರೋ ಸ್ಟ್ಯಾಂಡಿನ ಸೂರು ಸೋರ್ತಿದೆ. ನಾನಾದ್ರೂ ಏನ್ಮಾಡ್ಲಿ, ಹೇಳು."

ಸಿಡ್ ಮನೆಗೆ ಬಂದು ಎಡ್ನಾಗೆ ಸುದ್ದಿ ಹೇಳಿದ.

"ಅಲ್ಲಿ ಮನೆ ಕೊಡ್ತಾರಾ?"

"ಕೊಡ್ತಾರಂತೆ. ಮನೆ ಒಳಗೇ ಬಚ್ಚಲು. ನಲ್ಲಿ ತಿರುಗಿಸಿದ್ರೆ ಬಿಸಿನೀರು."

"ಕಿಟಕಿ ಎಷ್ಟಿವೆ?" ಎಂದು ಕೇಳಿ ಎಡ್ನಾ ಹೊಲಿಗೆ ಡಬ್ಬಿಯಿಂದ ಟೇಪು ತೆಗೆದಳು.

ಕ್ಲಬ್ಬಿಗೆ ಐದು ಸಾವಿರ ಪೌಂಡು ಬಂತು. ನಿಯಮದ ಪ್ರಕಾರ ಸಿಡ್‌ಗೆ ಹತ್ತು ಪೌಂಡು. ಹೊಸ ಊರಲ್ಲೂ ಸಂಬಳ ಅದೇ ಹದಿನಾಲ್ಕು. ಕೋಳಿಗಳು ಗ್ರಿಮ್‌ಶಾಗೆ ಹೋದವು. ಆಲ್ಡರ್‌ಶಾ ಮನೆಗೆ ಹೊಸ ಪರದೆ ಬಂದದ್ದು, ಅವರು ಬಿಟ್ಟ ಮರುದಿನ.