ಸೈಕಲ್ ಕಂಪ್ಯೂಟರೂ ಸೂರ್ಯನಾರಾಯಣನೂ

ಆದಿನಾರಾಯಣಪ್ಪನವರಿಗೆ ಸಿಟ್ಟು ಬರುವುದು ಹೊಸ ಸಂಗತಿಯೇನಲ್ಲ. ಹಾಲಿಗೆ ನೀರು ಬೆರೆಸುವವರ ಮೇಲೆ, ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ತೆಗೆಯುವವರ ಮೇಲೆ, ಉಪ್ಪಿಟ್ಟಿನಲ್ಲಿ ಬಾಯಿಗೆ ಸಿಕ್ಕಿದ ಮೆಣಸಿನಕಾಯಿಯ ಮೇಲೆ ಅವರು ದಿನವೂ ಸರದಿಯ ಪ್ರಕಾರ ಸಿಟ್ಟಾಗುತ್ತಿದ್ದರು. ಆದರೆ ತೊಂಬತ್ಮೂರನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಅವರು ಜಗಳಕ್ಕೆ ನಿಂತದ್ದು ಸಾಕ್ಷಾತ್ ಸೂರ್ಯನಾರಾಯಣನ ಜೊತೆ. ಇಬ್ಬರೂ ನಾರಾಯಣರೇ. ಇಬ್ಬರಿಗೂ ತಣ್ಣಗಿರುವ ಅಭ್ಯಾಸವಿಲ್ಲ.

ಜಗಳ ಹಚ್ಚಿದವನು ಹೆಂಡತಿಯ ತಮ್ಮ ರವಿಚಂದ್ರ. ಬೆಂಗಳೂರಿನ ಕಾರ್ಖಾನೆಯೊಂದರಲ್ಲಿದ್ದ ಅವನನ್ನು ಕಂಪನಿಯವರು ತರಬೇತಿಗೆಂದು ಜಪಾನಿಗೆ ಕಳಿಸಿದ್ದರು. ಹಿಂತಿರುಗಿದವನು ಹಬ್ಬದ ದಿನ ಉಡುಗೊರೆಗಳ ಚೀಲ ಹಿಡಿದು ಅಕ್ಕನ ಮನೆಗೆ ಬಂದ. ಅಕ್ಕ ವರಲಕ್ಷ್ಮಮ್ಮನಿಗೆ ಒಂದು ಬೀಸಣಿಗೆ, ದಿನವೂ ಬಸ್ಸಿನಲ್ಲಿ ಹೊಸಕೋಟೆಯ ಕಾಲೇಜಿಗೆ ಹೋಗುವ ಅಕ್ಕನ ಮಗಳು ಮಾನಸಳಿಗೆ ಕೈಗಡಿಯಾರ, ಭಾವನಿಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಕಪ್ಪು ಡಬ್ಬಿ.

"ಏನಪ್ಪಾ ಇದು?" ಎಂದರು ಆದಿನಾರಾಯಣಪ್ಪ, ಡಬ್ಬಿಯನ್ನು ತಿರುವಿ ಹಾಕಿ.

"ಸೈಕಲ್ ಕಂಪ್ಯೂಟರ್ ಭಾವ. ಚಕ್ರದ ಕಡ್ಡಿಗೆ ಒಂದು ಅಯಸ್ಕಾಂತ ಕಟ್ಟೋದು, ಹ್ಯಾಂಡಲ್‌ಗೆ ಇದನ್ನ ಕೂರಿಸೋದು. ಚಕ್ರ ತಿರುಗಿದಂಗೆಲ್ಲಾ ಎಣಿಸ್ಕೊಂಡು ಎಷ್ಟು ಸ್ಪೀಡಲ್ಲಿ ಹೋಗ್ತಿದ್ದೀರಾ ಅಂತ ಇಲ್ಲಿ ತೋರಿಸ್ತದೆ. ಈ ಗುಂಡಿ ಒತ್ತಿದ್ರೆ ಅತಿ ಹೆಚ್ಚು ಎಷ್ಟು ಹೋಗಿದ್ರಿ ಅಂತ. ಇನ್ನೊಂದ್ಸಲ ಒತ್ತಿದ್ರೆ ಸರಾಸರಿ…"

ಸರಾಸರಿಯ ಹೊತ್ತಿಗೆ ಆದಿನಾರಾಯಣಪ್ಪನವರ ಗಮನ ಹೋಳಿಗೆಯ ಕಡೆ ಹೋಗಿತ್ತು.

ಅವರ ಊರು ಹೊಸಕೋಟೆಗೂ ನಂದಗುಡಿಗೂ ನಡುವೆ. ಹೊಸಕೋಟೆ ಪಕ್ಕದ ಪಿಲ್ಲಗುಂಪೆಯ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಅವರು ಸೂಪರ್‌ವೈಸರ್. ನೌಕರಿ ಸಿಕ್ಕಿದಾಗಿನಿಂದ ಹೋಗಿ ಬರುವುದೆಲ್ಲ ಸೈಕಲ್ಲಿನಲ್ಲಿ. ಈಚೆಗೆ ಮೊಣಕಾಲು ನೋವು ಶುರುವಾಗಿ, ಮೊಪೆಡ್ ಕೊಳ್ಳಿ ಎಂದು ವರಲಕ್ಷ್ಮಮ್ಮ ಒಂದು ವರ್ಷದಿಂದ ಪೀಡಿಸುತ್ತಿದ್ದರು. ಅಂದೂ ತಮ್ಮನ ಎದುರಿಗೆ ಅದೇ ಮಾತು ಎತ್ತಿದರು.

"ಮೊಪೆಡ್ಡು ಮುದುಕರಿಗೆ ಕಣೇ," ಎಂದು ಆದಿನಾರಾಯಣಪ್ಪ ಗುಡುಗಿದರು. "ನಾನು ಇಪ್ಪತ್ತೈದು ಕಿಲೋಮೀಟರ್‌ಗೆ ಕಮ್ಮಿ ಸ್ಪೀಡಲ್ಲಿ ಹೋದವನೇ ಅಲ್ಲ."

"ಇಪ್ಪತ್ತೈದಾ ಭಾವ?" ರವಿಚಂದ್ರ ನಕ್ಕ. "ನಿಮ್ಮ ವಯಸ್ಸಿಗೆ ಹದಿನೈದು ಬಂದ್ರೆ ದೊಡ್ಡದು."

ಆ ನಗು ನೆಟ್ಟಗೆ ನೆತ್ತಿಗೇರಿತು. ಊಟದೆಲೆಯ ಮುಂದೆಯೇ ಒಪ್ಪಂದವಾಯಿತು. ಬರುವ ಭಾನುವಾರ ರವಿಚಂದ್ರ ಮತ್ತೆ ಬರುತ್ತಾನೆ. ಭಾವ ಇಪ್ಪತ್ತು ದಾಟಿದ್ದರೆ ಮನೆಯಲ್ಲಿ ಮೊಪೆಡ್ಡಿನ ಹೆಸರು ಎತ್ತುವಂತಿಲ್ಲ. ದಾಟದಿದ್ದರೆ ಸೈಕಲ್ಲು ಹಿತ್ತಲು ಸೇರಬೇಕು.

ಮಾರನೆಯ ಬೆಳಿಗ್ಗೆ ಸೈಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಆದಿನಾರಾಯಣಪ್ಪ ಹೊರಟರು. ರಸ್ತೆಗೆ ಬಂದು, ಎರಡು ಸಲ ಬಲವಾಗಿ ತುಳಿದು, ಗಂಭೀರವಾಗಿ ಕಂಪ್ಯೂಟರಿನ ಕಡೆ ನೋಡಿದರು. ಅಲ್ಲಿ ಅಂಕಿ ಇರಲಿಲ್ಲ. ಅಂಕಿ ಇರಬೇಕಾದ ಜಾಗದಲ್ಲಿ ಸೂರ್ಯ ಕೂತಿದ್ದ.

ಅವರು ಹೋಗಬೇಕಾದದ್ದು ಪಶ್ಚಿಮಕ್ಕೆ. ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬಂದು, ಭುಜದ ಮೇಲಿಂದ ಹಾದು, ಆ ಬೆಂಕಿಪೊಟ್ಟಣದ ಗಾಜಿಗೆ ಬಡಿದು ಅವರ ಕಣ್ಣಿಗೇ ವಾಪಸು ಚುಚ್ಚುತ್ತಿತ್ತು. ಬಲಕ್ಕೆ ಬಾಗಿದರೂ ಅದೇ, ಎಡಕ್ಕೆ ವಾಲಿದರೂ ಅದೇ. ಕತ್ತು ಚಾಚಿದರೆ ಅವರದೇ ಮೀಸೆ ಕಾಣಿಸಿತು. ಹುಣಸೆಮರದ ನೆರಳಿನಲ್ಲಿ ಏನೋ ಒಂದು ಅಂಕಿ ಮಿಂಚಿದಂತಾಯಿತು, ಅದನ್ನು ಓದುವಷ್ಟರಲ್ಲಿ ನೆರಳು ಮುಗಿದಿತ್ತು. ಹೋಗಲಿ, ಸಂಜೆ ನೋಡೋಣ ಎಂದುಕೊಂಡರೆ ಸಂಜೆ ಅವರು ಮನೆಯ ಕಡೆ, ಅಂದರೆ ಪೂರ್ವಕ್ಕೆ ಬರುತ್ತಾರೆ. ಆ ವೇಳೆಗೆ ಸೂರ್ಯ ಪಶ್ಚಿಮಕ್ಕೆ ಹೋಗಿ ಮತ್ತೆ ಅವರ ಬೆನ್ನ ಹಿಂದೆಯೇ ನಿಂತಿರುತ್ತಾನೆ. ನೆರಳಿಗೆ ಬಂದು ಗುಂಡಿ ಒತ್ತಿ ನೋಡಬಹುದೆಂಬುದು ಸಿಟ್ಟಿನಲ್ಲಿ ಅವರಿಗೆ ನೆನಪೇ ಆಗಲಿಲ್ಲ.

"ಬೇಕೂಂತ ಮಾಡ್ತಾವ್ನೆ," ಎಂದು ಮನೆಗೆ ಬಂದು ಚಪ್ಪಲಿ ಎಸೆದರು.

"ಯಾರು? ನಿಮ್ಮ ಮ್ಯಾನೇಜರ್ರಾ?" ವರಲಕ್ಷ್ಮಮ್ಮ ಕೇಳಿದರು.

"ಸೂರ್ಯ."

ವರಲಕ್ಷ್ಮಮ್ಮ ಗಂಡನ ಹಣೆ ಮುಟ್ಟಿ ನೋಡಿ ಮಜ್ಜಿಗೆ ತರಲು ಒಳಗೆ ಹೋದರು. ಜಗುಲಿಯಲ್ಲಿ ನೆರೆಮನೆಯ ಕದಿರಮ್ಮ ಕಾಯುತ್ತ ಕೂತಿದ್ದಳು. ಆದಿನಾರಾಯಣಪ್ಪನವರ ಮನೆಗೆ ಕಂಪ್ಯೂಟರ್ ಬಂದಿದೆಯೆಂಬ ಸುದ್ದಿ ಊರಿಡೀ ಹಬ್ಬಿತ್ತು. ಹೊಸಕೋಟೆಯಲ್ಲಿ ಕಂಪ್ಯೂಟರ್ ಜಾತಕದ ಅಂಗಡಿ ನೋಡಿದ್ದ ಆಕೆ ಮೊಮ್ಮಗಳ ಜಾತಕವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು.

"ವಸಿ ನಿಮ್ಮ ಕಂಪೂಟ್ರಲ್ಲಿ ನೋಡಿ ಹೇಳಪ್ಪ, ಮಗೀಗೆ ಗುರುಬಲ ಯಾವಾಗ ಅಂತ."

"ಅದರಲ್ಲಿ ನನ್ನ ಸ್ಪೀಡೇ ಕಾಣಾಕಿಲ್ಲ, ನಿಮ್ಮ ಗುರು ಎಲ್ಲಿ ಕಾಣ್ತಾನಮ್ಮ," ಎಂದು ಅವರು ಕಿರುಚಿದ ರಭಸಕ್ಕೆ ಕದಿರಮ್ಮ ಮಜ್ಜಿಗೆಯನ್ನೂ ಕುಡಿಯದೆ ಎದ್ದು ಹೋದಳು.

ಬಿಸಿಲಿನ ಮೇಲಿನ ಯುದ್ಧ ಮಾರನೆಯ ದಿನದಿಂದ ಶುರುವಾಯಿತು. ಮೊದಲಿಗೆ ತೆಂಗಿನ ಚಿಪ್ಪನ್ನು ಅರ್ಧಕ್ಕೆ ಒಡೆದು ಕಂಪ್ಯೂಟರಿನ ಮೇಲೆ ಕಮಾನಿನಂತೆ ಕಟ್ಟಿದರು. ಅದು ರಸ್ತೆಯ ಮೊದಲ ಗುಂಡಿಯಲ್ಲೇ ಜಿಗಿದು ಮೋರಿಗೆ ಬಿತ್ತು. ಮಾನಸಳ ಪುಸ್ತಕದ ರಟ್ಟು ಕಿತ್ತು ಮಾಡಿದ ಗೂಡು ಗಾಳಿಗೆ ಹಾರಿಹೋಯಿತು (ಅದು ಲೈಬ್ರರಿ ಪುಸ್ತಕವೆಂದು ಆಮೇಲೆ ತಿಳಿಯಿತು). ಮೂರನೆಯ ದಿನ ಕೊಡೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಕೊಡೆ ಹಿಡಿದು ಚಕ್ರವರ್ತಿಯಂತೆ ಹೊರಟವರನ್ನು ಎದುರಿಗೆ ಬಂದ ಲಾರಿಯ ಗಾಳಿ ರಸ್ತೆಯಾಚೆ ಇಳಿಸಿತು. ಕೊಡೆ ಅಂಗಾತವಾಗಿ ಬಟ್ಟಲಿನಂತೆ ನಿಂತಿತು. ಕಾರ್ಖಾನೆಯ ಗೇಟಿನಲ್ಲಿ ಕೆಂಪರಾಜ್ ಎಂಬ ಹುಡುಗಾಟದ ಕ್ಲರ್ಕು, "ಏನ್ ಸಾರ್, ಮಳೆ ನೀರು ಹಿಡಿಯೋಕಾ?" ಎಂದು ಕೇಳಿ, ಆ ದಿನವಿಡೀ ಪ್ಯಾಕಿಂಗ್ ವಿಭಾಗದವರೆಲ್ಲ ಬೈಸಿಕೊಳ್ಳುವಂತೆ ಮಾಡಿದ.

ಶುಕ್ರವಾರದ ಹೊತ್ತಿಗೆ ಆದಿನಾರಾಯಣಪ್ಪನವರಿಗೆ ತತ್ವ ಹೊಳೆಯಿತು. ಗೂಡು ಹಗುರವಾಗಿರಬೇಕು, ಕಪ್ಪಗಿರಬೇಕು, ಹೊಳೆಯಬಾರದು. ಈ ಮೂರು ಲಕ್ಷಣವೂ ಇರುವ ಪದಾರ್ಥ ಮನೆಯಲ್ಲಿ ಒಂದೇ ಇತ್ತು: ಬೀರುವಿನಲ್ಲಿ ತೂಗುಹಾಕಿದ್ದ, ವರಲಕ್ಷ್ಮಮ್ಮನ ಕಪ್ಪು ಮಖಮಲ್ಲಿನ ವ್ಯಾನಿಟಿ ಬ್ಯಾಗು.

ಶನಿವಾರ ಬೆಳಿಗ್ಗೆ ಹೆಂಡತಿ ಡೈರಿಗೆ ಹಾಲು ಹಾಕಲು ಹೋದಾಗ ಕತ್ತರಿ ಕೆಲಸ ಮಾಡಿತು. ಆಕೆ ಖಾಲಿ ಕ್ಯಾನು ಹಿಡಿದು ಬಂದು ನೋಡಿದರೆ ಬ್ಯಾಗಿನ ಹಿಡಿಕೆ, ಕನ್ನಡಿ, ಎರಡು ಏಲಕ್ಕಿ ನೆಲದ ಮೇಲಿದ್ದವು. ಉಳಿದದ್ದು ಸೈಕಲ್ಲಿನ ಮೇಲಿತ್ತು.

"ರೀ, ಅದು ನನ್ನ ಬ್ಯಾಗು." ವರಲಕ್ಷ್ಮಮ್ಮನ ದನಿ ಮೆಲ್ಲಗಿತ್ತು. ಹಾಗೆ ಮೆಲ್ಲಗಿದ್ದಾಗ ಅಪಾಯ ಹೆಚ್ಚು.

"ಮದುವೆ ಮುಂಜಿಗೆ ಬಿಟ್ರೆ ಎತ್ಕೊಂಡ್ ಹೋಗ್ತೀಯಾ ಅದನ್ನ? ಸುಮ್ನೆ ನೇತಾಡ್ತಿತ್ತು."

"ನಿಮ್ಮ ರೇಷ್ಮೆ ಪಂಚೇನೂ ಸುಮ್ನೆ ಮಡಿಸಿಟ್ಟಿದೆ. ಒಲೆ ಒರೆಸ್ಲಾ?"

"ನನ್ನ ಮಾನದ ಪ್ರಶ್ನೆ ಇದು."

"ನಿಮ್ಮ ಮಾನ ಮುಚ್ಚೋಕೆ ನನ್ನ ಬ್ಯಾಗೇ ಬೇಕಾಯ್ತಾ," ಎಂದು ಆಕೆ ಅಡಿಗೆಮನೆಗೆ ಹೋಗಿ ಪಾತ್ರೆಗಳ ಜೊತೆ ಮಾತಾಡತೊಡಗಿದರು. ಅಂದಿನ ಊಟದ ಡಬ್ಬಿಗೆ ಮುದ್ದೆಯೂ ಇಲ್ಲ, ಸಾರೂ ಇಲ್ಲ. ಆದಿನಾರಾಯಣಪ್ಪ ಹಸಿವು ಮತ್ತು ಸಿಟ್ಟು ಎರಡನ್ನೂ ಕಟ್ಟಿಕೊಂಡು ಹೊರಟರು.

ಮಖಮಲ್ಲಿನ ಗೂಡು ಮಾತ್ರ ಅದ್ಭುತವಾಗಿತ್ತು. ಮೊಳದುದ್ದದ ಕೊಳವೆ. ಒಳಗೆ ನಸುಗತ್ತಲು. ಒಂದೇ ತೊಂದರೆಯೆಂದರೆ, ಅಂಕಿ ನೋಡಬೇಕಾದರೆ ತಲೆ ಬಗ್ಗಿಸಿ ಒಂದು ಕಣ್ಣನ್ನು ಕೊಳವೆಯ ಬಾಯಿಗೆ ಇಡಬೇಕಿತ್ತು. ಊರು ದಾಟಿದ ಮೇಲೆ ಅವರು ಇಟ್ಟರು. ಸೂರ್ಯನ ಅಪ್ಪನೂ ಒಳಗೆ ಬರುವಂತಿರಲಿಲ್ಲ. ವಾರದಲ್ಲಿ ಮೊದಲ ಬಾರಿಗೆ ಅಂಕಿ ನಿಚ್ಚಳವಾಗಿ ಕಂಡಿತು.

ಹನ್ನೊಂದು.

ಕಣ್ಣು ಬದಲಿಸಿ ನೋಡಿದರು. ಹನ್ನೊಂದೇ. ಇಪ್ಪತ್ತು ವರ್ಷ ಇಪ್ಪತ್ತೈದೆಂದು ನಂಬಿ ಬದುಕಿದ ಮನುಷ್ಯನಿಗೆ ಹನ್ನೊಂದು ಎಂದು ಹೇಳುವ ಯಂತ್ರ ಎಂಥದ್ದಿರಬೇಕು? ಜಪಾನಿನವರ ಮೇಲೆ, ಭಾವಮೈದುನನ ಮೇಲೆ ಹಲ್ಲು ಕಡಿಯುತ್ತ ಅವರು ಪೆಡಲಿನ ಮೇಲೆ ಎದ್ದು ನಿಂತು ತುಳಿದರು. ಹದಿಮೂರು. ಮೊಣಕಾಲು ಕಟಕಟ ಎಂದಿತು. ಹದಿನಾರು. ಉಸಿರು ಸೀಟಿಯಾಯಿತು. ಹದಿನೆಂಟು. ಕಣ್ಣು ಕೊಳವೆಯಿಂದ ಕದಲಲಿಲ್ಲ. ಹತ್ತೊಂಬತ್ತು ಎಂದು ಕಂಡದ್ದೇ ಕೊನೆ, ಆಮೇಲೆ ಲೋಕ ಮಗುಚಿಕೊಂಡಿತು.

ಬೈಲಪ್ಪನೆಂಬ ರೈತ, ಓಡಾಡುವ ಲಾರಿ ಬಸ್ಸುಗಳೇ ತುಳಿದು ಕಾಳು ಬಿಡಿಸಲಿ ಎಂದು ಹುರುಳಿ ಗಿಡಗಳನ್ನು ರಸ್ತೆಯ ಮೇಲೆ ಮಂಡಿಯುದ್ದ ಹರವಿದ್ದ. ಆದಿನಾರಾಯಣಪ್ಪ ಅದರ ನಟ್ಟನಡುವೆ ಸೈಕಲ್ ಸಮೇತ ಲೀನವಾಗಿದ್ದರು.

"ಯಾಕ್ ಸಾಮಿ, ಕಣ್ ಕಾಣಾಕಿಲ್ವಾ?" ಬೈಲಪ್ಪ ಹುರುಳಿ ಕೆದಕುವ ಕವಗೋಲು ಹಿಡಿದು ಓಡಿ ಬಂದ. "ಆ ಚೀಲದಾಗೆ ತಲೆ ತೂರ್ಸ್ಕಂಡು ಏನ್ ಹುಡುಕ್ತಿದ್ರಿ?"

ಉತ್ತರ ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮಖಮಲ್ಲು ಹರಿದು ಚಿಂದಿಯಾಗಿತ್ತು, ಮೀಸೆಯ ತುಂಬ ಹುರುಳಿ ಹೊಟ್ಟು. ಮುಂದಿನ ಚಕ್ರ ಆಕಾಶ ನೋಡುತ್ತ ನಿಧಾನವಾಗಿ ತಿರುಗುತ್ತಿತ್ತು. ಅದರ ಆ ನಿಧಾನವನ್ನು ಕಂಡು ಒಂದು ವಾರದ ಸಿಟ್ಟೆಲ್ಲ ಒಟ್ಟಿಗೆ ಉಕ್ಕಿ, ಬಿದ್ದಲ್ಲಿಂದಲೇ ಚಕ್ರಕ್ಕೆ ಅಂಗೈಯಿಂದ ರಪರಪನೆ ಬಾರಿಸಿದರು. ಚಕ್ರ ಗಿರ್ರೆಂದು ತಿರುಗಿತು. ಅವರ ಮೈಯ ನೆರಳೇ ಕಂಪ್ಯೂಟರಿನ ಮೇಲೆ ಬಿದ್ದಿತ್ತು. ಅಂಕಿ ಏರಿತು. ಇಪ್ಪತ್ತಾರು. ಮೂವತ್ತೆರಡು. ಮೂವತ್ತೆಂಟು.

ಆದಿನಾರಾಯಣಪ್ಪ ಹೊಟ್ಟು ಉಗುಳಿ, ರವಿಚಂದ್ರ ತೋರಿಸಿದ್ದ ಗುಂಡಿ ಈಗ ನೆನಪಾಗಿ ಅದನ್ನು ಒತ್ತಿದರು. ಅತಿ ಹೆಚ್ಚು: ಮೂವತ್ತೆಂಟು. ಯಂತ್ರ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿತ್ತು. ಒಳ್ಳೆಯ ಯಂತ್ರ ಎನಿಸಿತು. ಜಪಾನಿನವರ ಕೆಲಸ ಗಟ್ಟಿ.

ಭಾನುವಾರ ರವಿಚಂದ್ರ ಬಂದ. ಆದಿನಾರಾಯಣಪ್ಪ ಒಗೆದ ಪಂಚೆಯುಟ್ಟು, ತರಚಿದ ಮೊಣಕೈಯನ್ನು ತುಂಬುತೋಳಿನ ಅಂಗಿಯೊಳಗೆ ಮರೆಮಾಡಿಕೊಂಡು, ಕಂಪ್ಯೂಟರನ್ನು ಸೈಕಲ್ಲಿನಿಂದ ಬಿಚ್ಚಿ ತಂದು ಪಡಸಾಲೆಯ ಮಧ್ಯೆ ಇಟ್ಟರು. "ನೋಡಪ್ಪ" ಎಂದು ಗುಂಡಿ ಒತ್ತಿದರು.

ರವಿಚಂದ್ರನ ಕಣ್ಣು ಅಗಲವಾಯಿತು. "ಮೂವತ್ತೆಂಟಾ ಭಾವ? ನಾನು ಸೋತೆ. ಅಕ್ಕ, ಇನ್ನು ಮೊಪೆಡ್ ಮಾತು ಬೇಡ."

ಆದಿನಾರಾಯಣಪ್ಪ ಮೀಸೆ ತೀಡಿಕೊಂಡರು. ಆದರೆ ಶನಿವಾರದಿಂದ ತುಟಿ ಬಿಚ್ಚದಿದ್ದ ವರಲಕ್ಷ್ಮಮ್ಮ ಈಗ ಬಿಚ್ಚಿದರು.

"ಮೂವತ್ತೆಂಟು ಅಂದ್ರೆ ಜಾಸ್ತೀನಾ ರವಿ?"

"ಜಾಸ್ತಿ ಏನಕ್ಕ, ಮೊಪೆಡ್ಡೇ ಅಷ್ಟು ಹೋಗೋದು."

"ಬ್ರೇಕು ಸರಿಯಾಗಿ ಹಿಡೀದ ಸೈಕಲ್ಲು. ನಲವತ್ತೇಳು ವರ್ಷ. ಕಣ್ಣು ರಸ್ತೆ ಮೇಲಿಲ್ಲ, ನನ್ನ ಬ್ಯಾಗೊಳಗೆ. ಎದುರಿಗೆ ಲಾರಿಗಳು." ಆಕೆ ಸೆರಗನ್ನು ಸೊಂಟಕ್ಕೆ ಬಿಗಿದರು. ಸಿಟ್ಟೋ ಹೆದರಿಕೆಯೋ ಹೇಳುವುದು ಕಷ್ಟ. "ಆ ಸೈಕಲ್ನ ಇವತ್ತೇ ಮಾರಿ. ಮೊಪೆಡ್ ತರ್ತೀರೋ, ನಾನು ಸಾಸಲಿನ ನಮ್ಮಪ್ಪನ ಮನೆಗೆ ಹೋಗ್ಲೋ?"

"ಗೆದ್ದವನಿಗೆ ಶಿಕ್ಷೆಯಾ? ಎಲ್ಲಿಯ ನ್ಯಾಯ ಕಣೇ ಇದು?"

"ಬದುಕಿದ್ರೆ ತಾನೇ ನ್ಯಾಯ."

ಮಾನಸ ಆಗಲೇ ಸೈಕಲ್ಲಿನ ಬೀಗ ತೆಗೆದು ಕೀಲಿಯನ್ನು ಅಮ್ಮನ ಕೈಗೆ ಕೊಟ್ಟಿದ್ದಳು. ಇಪ್ಪತ್ತು ವರ್ಷದ ಸಂಗಾತಿ ಕಣ್ಣೆದುರಿಗೇ ಹೋಗುವುದನ್ನು ಕಂಡು ಆದಿನಾರಾಯಣಪ್ಪನವರ ಸಿಟ್ಟು ಸತ್ಯವನ್ನೇ ಹೊರಗೆ ತಳ್ಳಿಬಿಟ್ಟಿತು.

"ನಾನೆಲ್ಲಿ ಹೋದೆನೇ ಮೂವತ್ತೆಂಟರಲ್ಲಿ? ಬಿದ್ದಿದ್ದೆ. ಹುರುಳಿ ಒಳಗೆ ಬಿದ್ದಿದ್ದೆ. ಮಲಗಿದ್ದ ಸೈಕಲ್ ಚಕ್ರಕ್ಕೆ ಹೊಡೆದೆ, ಅದು ತಿರುಗ್ತು."

ವರಲಕ್ಷ್ಮಮ್ಮ ಎದ್ದು ಬಂದು ಗಂಡನ ಅಂಗಿಯ ತೋಳು ಮಡಿಸಿ ಮೊಣಕೈ ನೋಡಿದರು. ಮಾನಸ ಗೋಡೆಯ ಕಡೆ ತಿರುಗಿಕೊಂಡಳು, ಅವಳ ಭುಜ ಅಲುಗುತ್ತಿತ್ತು. ರವಿಚಂದ್ರ ಕಂಪ್ಯೂಟರನ್ನು ಎತ್ತಿಕೊಂಡು ಗುಂಡಿಯನ್ನು ಇನ್ನೊಂದು ಸಲ ಒತ್ತಿ ಎಲ್ಲರ ನಡುವೆ ಇಟ್ಟ. ಸರಾಸರಿ, ಹನ್ನೊಂದು. ಪಡಸಾಲೆಯಲ್ಲಿ ಬಿಸಿಲಿನ ಸುಳಿವೇ ಇರಲಿಲ್ಲ. ಅಂಕಿ ಎಲ್ಲರಿಗೂ ಸ್ಫುಟವಾಗಿ ಕಂಡಿತು.

"ಹಾಗಾದ್ರೆ ಮೊಪೆಡ್ ತಾನೇ ಅಕ್ಕ?" ಎಂದ ರವಿಚಂದ್ರ, ನಗು ನುಂಗಿಕೊಂಡು.

"ಮೊಪೆಡ್ಡೂ ಬೇಡ," ಎಂದರು ವರಲಕ್ಷ್ಮಮ್ಮ, ಮೊಣಕೈಗೆ ಅರಿಸಿನ ಒತ್ತುತ್ತ. "ಹನ್ನೊಂದರಲ್ಲಿ ಹೋಗಿ ಬೀಳೋರ ಕೈಗೆ ಎಂಜಿನ್ ಕೊಡೋಕಾಗ್ತದಾ? ಮಗಳ ಜೊತೆ ಬಸ್ಸಲ್ಲಿ ಹೋಗ್ಲಿ. ಸೈಕಲ್ ಇರ್ಲಿ, ಡೈರಿಗೆ ಹಾಲು ಹಾಕೋಕೆ ನನಗೆ ಬೇಕು."

ಆದಿನಾರಾಯಣಪ್ಪ ಬಾಯಿ ತೆರೆದರು. ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅರಿಸಿನ ಚುರುಗುಟ್ಟಿತು. ಕೊನೆಗೆ ಮಗಳ ಕಡೆ ತಿರುಗಿ, ಆ ಮನೆಯಲ್ಲಿ ಈವರೆಗೆ ಯಾರೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಬಸ್ಸು ಎಷ್ಟೊತ್ತಿಗಮ್ಮ?"