ಕಟ್ಟು ಹಾಕಿಸಿದ ನೀಲಿ ಎಲೆ

ಖಾಲಿ ಗೋಡೆ ನೋಡಿಕೊಂಡು ಸುಮ್ಮನೆ ಕೂರಬಲ್ಲವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಅನ್ನಿಸುವ ಜಾತಿ. ಹುಣಸೂರಿನ ಹೊಸ ಮನೆಗೆ ಬಂದ ಮೇಲಂತೂ ನಡುಮನೆಯ ಬಿಳಿ ಗೋಡೆ ನನ್ನನ್ನು ನೆಮ್ಮದಿಯಾಗಿ ಕಾಫಿ ಕುಡಿಯಲೂ ಬಿಡಲಿಲ್ಲ. "ದೇವರ ಕ್ಯಾಲೆಂಡರ್ ಹಾಕಿ, ಸರಿಹೋಗುತ್ತೆ" ಎಂದಳು ಹೆಂಡತಿ. ನನಗೋ ಕಲೆಯ ಹುಚ್ಚು. ಮೈಸೂರಿಗೆ ಹೋಗಿ ಒಂದು ಚಿತ್ರ ಕೊಂಡೆ. ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದ ಆಧುನಿಕ ಕಲೆಯ ಅಚ್ಚಿನ ಪ್ರತಿ ಅದು. ಹಳದಿಯ ಮೇಲೊಂದು ದೊಡ್ಡ ನೀಲಿ ಎಲೆ, ಅಥವಾ ಎಲೆಯಂಥದ್ದು. ಮರದ ಕಟ್ಟು, ಗಾಜು ಹಾಕಿ, ಅಂಗಡಿಯವರು ಹಳೇ ಪೇಪರ್ ಸುತ್ತಿ ದಾರ ಬಿಗಿದು ಕೊಟ್ಟರು.

ನಮ್ಮ ಕಡೆ ಪೇಪರ್ ಸುತ್ತಿದ ಕಟ್ಟಿನ ಫೋಟೊ ಹಿಡಿದು ಬಸ್ಸು ಹತ್ತಿದರೆ ಜನ ತಿಳಿಯುವುದು ಒಂದೇ, ಮನೆಯಲ್ಲಿ ಯಾರದೋ ತಿಥಿ. ಅದು ನನಗೆ ಹೊಳೆಯಲೇ ಇಲ್ಲ. ಕಿಕ್ಕಿರಿದ ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟಾಗ, ಕಲೆಗೆ ಇನ್ನೂ ಬೆಲೆಯಿದೆ ಎಂದು ಹಿಗ್ಗಿದೆ. ನೋಡಿದರೆ ಅವರು ನನ್ನ ಮಾವನ ಊರಾದ ರಾವಂದೂರಿನವರು, ನಾನು ಯಾರ ಅಳಿಯ ಎಂದು ಬಲ್ಲವರು. "ಹಿರೀಕರದಾ ಸಾರ್ ಫೋಟೊ?" ಎಂದು ಮೆಲ್ಲಗೆ ಕೇಳಿದರು. ಆ ನೂಕುನುಗ್ಗಲಿನಲ್ಲಿ ಕಾಗದ, ಕತ್ತರಿ, ಆಧುನಿಕತೆ ಎಲ್ಲ ವಿವರಿಸುವ ತಾಳ್ಮೆ ನನಗೆಲ್ಲಿ? ಹೂಂ ಎಂದುಬಿಟ್ಟೆ. ಮಾವ ಹಿಂದಿನ ವಾರವಷ್ಟೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು ಎನ್ನುವುದು ನೆನಪಾಗುವಷ್ಟರಲ್ಲಿ ನಾನು ಹುಣಸೂರಿನಲ್ಲಿ ಇಳಿದಿದ್ದೆ. ಆ ಮನುಷ್ಯ ಕಣ್ಣೊರೆಸಿಕೊಳ್ಳುತ್ತ ಅದೇ ಬಸ್ಸಿನಲ್ಲಿ ಮುಂದೆ ಹೋಗಿಯಾಗಿತ್ತು.

ಬಸ್ಸಿಗಿಂತ ಮೊದಲು ಅವರ ಫೋನು ರಾವಂದೂರು ಮುಟ್ಟಿರಬೇಕು. ಹೆಂಡತಿ ಬಾಗಿಲಲ್ಲೇ ಅಳುತ್ತಾ ನಿಂತಿದ್ದಳು. "ಅಪ್ಪಾಜಿಗೆ ಏನಾಯ್ತು? ಊರಿಂದ ಫೋನ್ ಮೇಲೆ ಫೋನು. ಅಪ್ಪಾಜಿ ಮಾತ್ರ ಫೋನೇ ಎತ್ತುತ್ತಿಲ್ಲ!" ಪೇಪರ್ ಹರಿದು ನೀಲಿ ಎಲೆ ತೋರಿಸಿದೆ. ಅವಳು ಇನ್ನೂ ಜೋರಾಗಿ ಅತ್ತಳು. ಈಗ ನನಗೂ ಭಯವಾಯಿತು. ಮಾವನೆಂದರೆ ನನಗೆ ಪ್ರಾಣ. ನನ್ನ ಹೂಂಕಾರವೇ ನಿಜವಾಗಿಬಿಟ್ಟರೆ? ಬಾಗಿಲಿಗೂ ಹಿತ್ತಿಲಿಗೂ ಶತಪಥ ತುಳಿಯುತ್ತಿದ್ದಾಗ ಕೊನೆಗೂ ಫೋನಿನಲ್ಲಿ ಮಾವನ ದನಿ ಕೇಳಿಸಿತು. "ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ತಾವ ಕುಂತಿದ್ದೆ ಅಳೀಮಯ್ಯ, ಫೋನು ಮನೇಲಿತ್ತು. ಬಂದು ನೋಡಿದ್ರೆ ಊರೋರೆಲ್ಲ ಹಾರ ತಂದವ್ರೆ ಕಣ್ರೀ!"

ಮಾರನೆಯ ದಿನ ಮಾವ ತಮ್ಮ ಫೋಟೊ ನೋಡಲು ಖುದ್ದಾಗಿ ಬಂದರು. ಕನ್ನಡಕ ಏರಿಸಿ, ಹತ್ತಿರ ಹೋಗಿ, ದೂರ ಬಂದು ನೋಡಿದರು. "ಸೊಪ್ಪು ಅಗಲವಾಗೈತೆ. ಆದ್ರೆ ಈ ಬಣ್ಣಕ್ಕೆ ಬೇಯ್ಸಿದ್ರೆ ಹರಾಜಲ್ಲಿ ಯಾರೂ ಮೂಸಿ ನೋಡಕಿಲ್ಲ" ಎಂದರು. ಆಮೇಲೆ ಕಟ್ಟನ್ನು ಬೆರಳಲ್ಲಿ ತಟ್ಟಿ, "ಮರ ಗಟ್ಟಿಯಾಗೈತೆ. ಇರ್ಲಿ ಬುಡಿ, ಮುಂದಕ್ಕಾಯ್ತದೆ" ಎಂದರು.

"ಅಂಥ ಮಾತು ಬೇಡಿ ಮಾವ, ನೀವು ನೂರು ವರ್ಷ ಬಾಳಬೇಕು" ಎಂದೆ.

"ನಂಗಲ್ಲ ಕಣ್ರೀ. ನಂದು ಆಗ್ಲೇ ಮಾಡಿಸಿ ಅಟ್ಟದ ಮ್ಯಾಲೆ ಮಡಗಿವ್ನಿ."

ಹಿಂದಿನ ದಿನದ ಅಳುವಿನ ನಂತರ ಹೆಂಡತಿ ಮೊದಲ ಸಲ ನಕ್ಕಳು. ಗೋಡೆ ಈಗ ಖಾಲಿಯಿಲ್ಲ. ಆದರೂ ಅದರೆದುರು ನನಗೆ ಕೂರಲಾಗುತ್ತಿಲ್ಲ. ಕುರ್ಚಿಯನ್ನು ಎಲ್ಲಿಗೆ ಎಳೆದುಕೊಂಡರೂ, ಆ ಗಾಜಿನಲ್ಲಿ ನೀಲಿ ಎಲೆಯ ಮೇಲೆ ನನ್ನ ಮುಖ ಬಂದು ಕೂರುತ್ತದೆ. ಅಳತೆ ಸರಿಯಾಗಿಯೇ ಇದೆ.