ಹೊಸ ತಲೆಮಾರಿನ ಸ್ಪೋರ್ಟ್ಸ್ ಕಾರಿನ ಹೆಡ್‌ಲೈಟ್ ಕುರಿತು ಕಚೇರಿಯಲ್ಲಿ ಜಗಳವಾಡುವ ಬಗ್ಗೆ

ಸಂಖ್ಯೆ: ಆಡಳಿತ/ಶಿಸ್ತು/ಹೆಡ್‌ಲೈಟ್/7

ವಿಷಯ: ಹೆಸರಾಂತ ಹಳೆಯ ಸ್ಪೋರ್ಟ್ಸ್ ಕಾರಿನ ಹೊಸ ತಲೆಮಾರು ಬಿಡುಗಡೆಯಾದ ಕಾರಣ ಕಡತಗಳು ನಿಂತಲ್ಲೇ ನಿಂತಿರುವ ಬಗ್ಗೆ.

ಉಲ್ಲೇಖ: 1. ಟಪಾಲು ಶಾಖೆಯಿಂದ ಕೇಳಿಬಂದ ಎಂಜಿನ್ ಶಬ್ದ.
2. ಕೆಳಸಹಿದಾರರ ಮಗಳ ಮೌಖಿಕ ಆಕ್ಷೇಪಣೆ.

ಸದರಿ ಕಾರು ಬಿಡುಗಡೆಯಾದಂದಿನಿಂದ ಈ ಕಚೇರಿಯ ಕಾರುಪ್ರಿಯರು ಎರಡು ಬಣವಾಗಿರುವುದನ್ನು ಗಮನಿಸಲಾಗಿದೆ. ಹಳೆಯದರ ಗುಂಡು ಹೆಡ್‌ಲೈಟೇ ಅಂದವೆಂದು ಒಂದು ಬಣ. ಹೊಸದರ ಉದ್ದ ಹೆಡ್‌ಲೈಟೇ ಅಂದವೆಂದು ಇನ್ನೊಂದು. ಎರಡೂ ಬಣಗಳಲ್ಲಿ ಸ್ವಂತ ಕಾರುಳ್ಳವರು ಯಾರೂ ಇಲ್ಲ, ಸದರಿ ಕಾರನ್ನು ಕಣ್ಣಾರೆ ಕಂಡವರೂ ಇಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆಂಬುದು ಗಾದೆ. ಇಲ್ಲಿ ಕುಲಾವಿಯ ಬಣ್ಣಕ್ಕಾಗಿ ಕೊರಳಪಟ್ಟಿಯನ್ನೇ ಹಿಡಿಯಲಾಗಿದೆ. ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ.

1. ಕಾರಿನ ಚರ್ಚೆಯನ್ನು ನೀರಿನ ಫಿಲ್ಟರ್ ಬಳಿ ನಿಂತು, ಕೈಯಲ್ಲಿನ ಲೋಟ ಖಾಲಿಯಾಗುವವರೆಗೆ ಮಾತ್ರ ನಡೆಸತಕ್ಕದ್ದು. ಖಾಲಿ ಲೋಟದಿಂದ ಕುಡಿಯುತ್ತಿರುವಂತೆ ನಟಿಸುವುದು ಕರ್ತವ್ಯಲೋಪ.

2. ಬಾಯಿಂದ ಎಂಜಿನ್ ಶಬ್ದ ಹೊರಡಿಸುವವರು ಎರಡನೇ ಗೇರು ದಾಟತಕ್ಕದ್ದಲ್ಲ. ಟಪಾಲು ಗುಮಾಸ್ತರು ನಾಲ್ಕನೇ ಗೇರಿಗೆ ಹೋದಾಗ, ಅರ್ಜಿ ಕೊಡಲು ಬಂದಿದ್ದ ವೃದ್ಧರೊಬ್ಬರು ಗೋಡೆಗೆ ಒರಗಿ ದಾರಿ ಬಿಟ್ಟು, ಅರ್ಜಿ ಕೊಡದೆಯೇ ಹಿಂತಿರುಗಿರುತ್ತಾರೆ.

3. ತಿರುವಿನಲ್ಲಿ ಕಾರಿನ ಹಿಡಿತವನ್ನು ತೋರಿಸಲು ಚಕ್ರದ ಕುರ್ಚಿ ಬಳಸುವುದನ್ನು ನಿಷೇಧಿಸಲಾಗಿದೆ. ಬೆರಳಚ್ಚುಗಾರ್ತಿಯವರ ಮೊಣಕಾಲು ವಾಸಿಯಾಗುವವರೆಗೆ ಸದರಿ ಕುರ್ಚಿಯನ್ನು ಅಮಾನತ್ತಿನಲ್ಲಿಡಲಾಗಿದೆ. ಕುರ್ಚಿಯಲ್ಲಿ ಕೂತಿದ್ದವರು ಕೆಳಸಹಿದಾರರಾದ್ದರಿಂದ ವಿಚಾರಣೆ ಅಗತ್ಯವಿರುವುದಿಲ್ಲ.

4. ಹೊಸದಕ್ಕೆ ಆತ್ಮವೇ ಇಲ್ಲ ಎನ್ನುವವರು, ಹಳೆಯದಕ್ಕೆ ಇತ್ತೆಂಬುದಕ್ಕೆ ಮೂರು ಪ್ರತಿಗಳಲ್ಲಿ ಪುರಾವೆ ಸಲ್ಲಿಸತಕ್ಕದ್ದು.

5. ಕೆಳಸಹಿದಾರರು ಉದ್ದ ಬಣದವರು; ಲೆಕ್ಕಪತ್ರ ಶಾಖೆಯ ಮೇಲ್ವಿಚಾರಕರು ಗುಂಡು ಬಣದವರು. ಕೆಳಸಹಿದಾರರ ಮಗಳನ್ನು ಮೇಲ್ವಿಚಾರಕರ ಮಗನಿಗೆ ಕೊಡುವುದೆಂದು ಮಾತಾಗಿದ್ದು, ದಿನ ಗೊತ್ತುಮಾಡಲು ಸೇರಿದ ಸಭೆಯಲ್ಲಿ ಮೇಲ್ವಿಚಾರಕರು ಹೊಸ ಹೆಡ್‌ಲೈಟನ್ನು ನಿದ್ದೆಗಣ್ಣೆಂದೂ, ಕೆಳಸಹಿದಾರರು ಹಳೆಯದನ್ನು ಕಪ್ಪೆಗಣ್ಣೆಂದೂ ಕರೆದ ಮೇರೆಗೆ ಸಭೆಯನ್ನು ಅನಿರ್ದಿಷ್ಟಾವಧಿಗೆ ಮುಂದೂಡಲಾಗಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆಯನ್ನು ಈ ಮೂಲಕ ಬೀಗರಿಗೂ ವಿಸ್ತರಿಸಲಾಗಿದೆ.

6. ತದನಂತರ ಮಗಳು, "ಅಪ್ಪಾ, ಆ ಕಾರಲ್ಲಿ ಇರೋದೇ ಎರಡು ಸೀಟು. ನಿಮಗೂ ಅವರಪ್ಪನಿಗೂ ಅದರಲ್ಲಿ ಜಾಗ ಇಲ್ಲ. ಸೋಮವಾರ ನಾವೇ ರಿಜಿಸ್ಟರ್ ಆಫೀಸಿಗೆ ಹೋಗ್ತೀವಿ" ಎಂದು ತಿಳಿಸಿರುತ್ತಾಳೆ. ಸಾಕ್ಷಿ ಹಾಕಲು ಸ್ನೇಹಿತರು ಬರುವರೆಂದೂ ತಿಳಿಸಿರುತ್ತಾಳೆ. ಊರಿನವರ ಕಾಗದಗಳಿಗೆಲ್ಲ ಸಹಿ ಹಾಕಿ ಸವೆದ ಕೈಗೆ ಹೆತ್ತ ಮಗಳ ಕಾಗದಕ್ಕೆ ಸಹಿ ಹಾಕುವ ಭಾಗ್ಯವಿಲ್ಲದಾಗಿರುವುದನ್ನು ಇಲಾಖೆಯು ದಾಖಲಿಸಿಕೊಂಡಿದೆ.

7. ಆದುದರಿಂದ ಗುಂಡು ಹೆಡ್‌ಲೈಟೇ ಅಂದವೆಂದು, ತಕ್ಷಣದಿಂದ ಜಾರಿಗೆ ಬರುವಂತೆ ಒಪ್ಪಲಾಗಿದೆ. ಇದರ ವಿರುದ್ಧ ಮೇಲ್ಮನವಿಯನ್ನು ಸ್ವೀಕರಿಸಲಾಗುವುದಿಲ್ಲ, ಕೆಳಸಹಿದಾರರದೂ ಸೇರಿ.

(ಸಹಿ)
ಉಪ ನಿರ್ದೇಶಕರು (ಆಡಳಿತ)
ಹಾಗೂ ಹೆಣ್ಣಿನ ತಂದೆ

ಪ್ರತಿಗಳು:
1. ಎಲ್ಲಾ ಶಾಖೆಗಳಿಗೆ, ಪಾಲನೆಗಾಗಿ.
2. ಉದ್ದ ಬಣದ ಸದಸ್ಯರಿಗೆ, ಬೈದುಕೊಳ್ಳುವುದಿದ್ದಲ್ಲಿ ಕಚೇರಿ ವೇಳೆಯ ನಂತರ ಬೈದುಕೊಳ್ಳಲು.
3. ಲೆಕ್ಕಪತ್ರ ಶಾಖೆಯ ಮೇಲ್ವಿಚಾರಕರಿಗೆ: ಸೋಮವಾರ ಜೊತೆಯಲ್ಲೇ ಹೊರಡುವುದು. ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದಿಡಲಾಗುವುದು.
4. ಮಗಳಿಗೆ: ಸಾಕ್ಷಿಗಳ ಸಹಿಗೆ ಎರಡು ಜಾಗ ಖಾಲಿ ಬಿಡಬೇಕಾಗಿ ಕೋರಲಾಗಿದೆ. ಇದು ಆದೇಶವಲ್ಲ.